ರೇಂಜ್ ಇದ್ದೂ ಫೋನ್ ನಡೆಯದಿದ್ದರೆ: ನೆಟ್‌ವರ್ಕ್ ಆಯ್ಕೆಯ ದೋಷ ಹುಡುಕುವ ಬಗೆ

ಮುಂಬೈ ಕನ್ನಡಿಗರ ಫೋನಿಗೆ ಬೆಂಗಳೂರಿನಲ್ಲೇ ಇರುವವರ ಫೋನಿಗಿಲ್ಲದ ಕೆಲಸವೊಂದಿದೆ. ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಟರೆ ಬೆಳಗಾಗುವುದರೊಳಗೆ ಅದು ಮೂರು ಟೆಲಿಕಾಂ ಸರ್ಕಲ್‌ಗಳಲ್ಲಿ (ಫೋನ್ ಸೇವೆಗಾಗಿ ದೇಶವನ್ನು ಹಂಚಿದ ವಲಯಗಳಲ್ಲಿ) ಓಡಾಡಿರುತ್ತದೆ: ಮುಂಬೈ, ಮಹಾರಾಷ್ಟ್ರ, ಕರ್ನಾಟಕ. ಗೋವಾ ಬೇರೆ ರಾಜ್ಯವಾದರೂ ಟೆಲಿಕಾಂ ಲೆಕ್ಕದಲ್ಲಿ ಮಹಾರಾಷ್ಟ್ರ ಸರ್ಕಲ್‌ಗೇ ಸೇರಿದೆ. ಮುಂಬೈ ಸರ್ಕಲ್ ಅಂದರೆ ಮುಂಬೈ, ನವಿ ಮುಂಬೈ, ಕಲ್ಯಾಣ್ ಟೆಲಿಫೋನ್ ವ್ಯಾಪ್ತಿ. ಹಾಗಾಗಿ ಡೊಂಬಿವಲಿ ಇದರೊಳಗೆ, ಪುಣೆ ಇದರ ಹೊರಗೆ.

ಸರ್ಕಲ್ ಬದಲಾದರೆ ಒಂದೇ ಕಂಪನಿಯ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಏರ್‌ಟೆಲ್‌ನದು ಮುಂಬೈನಲ್ಲಿ 404-92, ಮಹಾರಾಷ್ಟ್ರ-ಗೋವಾದಲ್ಲಿ 404-90, ಕರ್ನಾಟಕದಲ್ಲಿ 404-45. ಬಿಎಸ್‌ಎನ್‌ಎಲ್‌ನದು ಮಹಾರಾಷ್ಟ್ರದಲ್ಲಿ 404-66, ಕರ್ನಾಟಕದಲ್ಲಿ 404-71. ಮೊದಲ ಮೂರು ಅಂಕಿ ದೇಶದ್ದು, ಉಳಿದವು ಕಂಪನಿ ಮತ್ತು ಸರ್ಕಲ್‌ನವು. ಪರದೆಯ ಮೇಲೆ ನಮಗೆ ಒಂದೇ ಹೆಸರು ಕಾಣುತ್ತದೆ. ಫೋನಿಗೆ ಮಾತ್ರ ಇವು ಬೇರೆ ಬೇರೆ ನೆಟ್‌ವರ್ಕ್‌ಗಳು. ಕೆಳಗೆ ಹೇಳುವ ದೋಷಗಳಲ್ಲಿ ಹಲವು ಹುಟ್ಟುವುದೇ ಇಲ್ಲಿ.

ರೇಂಜ್ ಹೋದ ಕೂಡಲೆ ಫೋನನ್ನು ಅಂಗಡಿಗೆ ಕೊಟ್ಟು ಫ್ಯಾಕ್ಟರಿ ರೀಸೆಟ್ ಮಾಡಿಸುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಫೋಟೊಗಳು, ವಾಟ್ಸಾಪ್ ಮಾತುಕತೆ ಎಲ್ಲ ಅಳಿಸಿಹೋಗುತ್ತವೆ, ದೋಷ ಹಾಗೇ ಉಳಿಯುವ ಸಾಧ್ಯತೆ ಇರುತ್ತದೆ. ಯಾಕೆಂದರೆ ಯಾವ ನೆಟ್‌ವರ್ಕ್ ಹಿಡಿಯಬೇಕು, ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿಗಳು ಇರುವುದು ಸಿಮ್‌ನೊಳಗೆ. ಫೋನ್ ಅಳಿಸಿದರೆ ಸಿಮ್ ಅಳಿಯುವುದಿಲ್ಲ.

ಫೋನ್ ಆರಿಸುವ ಕ್ರಮ

ಫೋನ್ ಯಾವಾಗಲೂ ಅತಿ ಜೋರಾದ ಸಿಗ್ನಲ್ ಹಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಊರಿಂದ ಬೆಳಗಿನ ಗಾಡಿಗೆ ಬಂದಿಳಿದವನು ಎದುರಿಗೆ ಕಂಡ ದೊಡ್ಡ ಮನೆಗೆ ನುಗ್ಗುವುದಿಲ್ಲ. ಮೊದಲು ತನ್ನವರ ಮನೆ ಹುಡುಕುತ್ತಾನೆ, ಸಿಗದಿದ್ದರೆ ಗುರುತಿನವರ ಮನೆ, ಅದೂ ಇಲ್ಲದಿದ್ದರೆ ಲಾಡ್ಜ್. ಫೋನಿನದೂ ಇದೇ ಕ್ರಮ.

ಆನ್ ಮಾಡಿದಾಗ ಅದು ಮೊದಲು ಹುಡುಕುವುದು ಆಫ್ ಆಗುವ ಮುಂಚೆ ಯಾವ ನೆಟ್‌ವರ್ಕ್‌ನಲ್ಲಿ ನೋಂದಣಿಯಾಗಿತ್ತೋ ಅದನ್ನು. ಅದು ಸಿಗದಿದ್ದರೆ ಸಿಮ್‌ನ ಸ್ವಂತ ನೆಟ್‌ವರ್ಕ್. ಅದೂ ಇಲ್ಲವಾದರೆ ಸಿಮ್‌ನಲ್ಲಿರುವ ಆದ್ಯತೆಯ ಪಟ್ಟಿಗಳು: ಬಳಕೆದಾರ ಬರೆದದ್ದೇನಾದರೂ ಇದ್ದರೆ ಮೊದಲು ಅದು, ಆಮೇಲೆ ಕಂಪನಿ ಬರೆದಿಟ್ಟದ್ದು. ಇಷ್ಟೂ ಮುಗಿದ ಮೇಲೆಯೇ ಉಳಿದ ನೆಟ್‌ವರ್ಕ್‌ಗಳ ಸರದಿ. ಆಗಲೂ ಅತಿ ಜೋರಾದದ್ದಕ್ಕೆ ಮಣೆ ಹಾಕುವುದಿಲ್ಲ. 4ಜಿಯಲ್ಲಿ ಮೈನಸ್ 110 ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಥವಾ ಅದಕ್ಕಿಂತ ಮೇಲಿರುವ ನೆಟ್‌ವರ್ಕ್‌ಗಳೆಲ್ಲ ಒಂದೇ ಗುಂಪು. ಅವುಗಳಲ್ಲಿ ಯಾವುದನ್ನಾದರೂ ಫೋನ್ ಎತ್ತಿಕೊಳ್ಳಬಹುದು. ಅದಕ್ಕಿಂತ ಕೆಳಗಿನವನ್ನು ಮಾತ್ರ ಬಲದ ಕ್ರಮದಲ್ಲಿ ನೋಡುತ್ತದೆ.

ಆರಿಸಿದರಷ್ಟೇ ಸಾಲದು, ಆ ನೆಟ್‌ವರ್ಕ್ ಒಳಗೆ ಬಿಡಬೇಕು. ಫೋನ್ ನೋಂದಣಿ ಕೇಳುತ್ತದೆ; ಕಂಪನಿಯ ಕಂಪ್ಯೂಟರ್ ಹೂಂ ಅಥವಾ ಊಹೂಂ ಅನ್ನುತ್ತದೆ. ಊಹೂಂ ಎಂದರೆ ಜೊತೆಗೆ ಕಾರಣದ ಸಂಖ್ಯೆಯೊಂದನ್ನು ಕಳಿಸುತ್ತದೆ. ಫೋನ್ ಆಮೇಲೆ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಆ ಸಂಖ್ಯೆಯ ಮೇಲೆ ನಿಂತಿದೆ. ಅದು ನಮಗೆ ಕಾಣುವುದಿಲ್ಲ, ಆದರೆ ಲಕ್ಷಣ ನೋಡಿ ಊಹಿಸಬಹುದು.

ನೋಂದಣಿಯಾದ ಮೇಲೆ ಬರುವುದು ಟವರ್ ಆಯ್ಕೆ. ಫೋನ್ ಸುಮ್ಮನೆ ಜೇಬಿನಲ್ಲಿರುವಾಗ ಟವರ್ ಬದಲಿಸುವ ತೀರ್ಮಾನ ಅದರದ್ದೇ, ಆದರೆ ನಿಯಮ ಕಂಪನಿಯದು. ಪ್ರತಿ ಟವರೂ ತನ್ನ ನಿಯಮಗಳನ್ನು ಬಿತ್ತರಿಸುತ್ತಲೇ ಇರುತ್ತದೆ: ಕನಿಷ್ಠ ಇಷ್ಟು ಬಲ ಇದ್ದರೆ ಮಾತ್ರ ಬಾ, ಈ ಬ್ಯಾಂಡಿಗೆ (ಅಂದರೆ ಈ ತರಂಗಾಂತರಕ್ಕೆ) ಮೊದಲ ಆದ್ಯತೆ, ಪಕ್ಕದ ಟವರ್ ಇಷ್ಟು ಸೆಕೆಂಡು ಮೇಲುಗೈ ಸಾಧಿಸಿದರೆ ಮಾತ್ರ ಬದಲಿಸು. ಕರೆ ಅಥವಾ ಡೇಟಾ ನಡೆಯುತ್ತಿರುವಾಗ ಮಾತ್ರ ಅಧಿಕಾರ ಪೂರ್ತಿ ಕಂಪನಿಯ ಕೈಗೆ ಹೋಗುತ್ತದೆ. ಫೋನ್ ಅಕ್ಕಪಕ್ಕದ ಟವರ್‌ಗಳನ್ನು ಅಳೆದು ವರದಿ ಒಪ್ಪಿಸುತ್ತದೆ, ಎಲ್ಲಿಗೆ ಹೋಗಬೇಕೆಂದು ನೆಟ್‌ವರ್ಕ್ ಹೇಳುತ್ತದೆ.

ಹೀಗೆ ಮೂರು ಹಂತ: ಕಂಪನಿಯ ಆಯ್ಕೆ, ನೋಂದಣಿಯ ಒಪ್ಪಿಗೆ, ಟವರ್‌ನ ಆಯ್ಕೆ. ದೋಷ ಯಾವ ಹಂತದ್ದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಪರದೆಯಲ್ಲಿ ಏನು ಬರೆದಿದೆ, ಮೊದಲು ಅದನ್ನು ಓದಿ

‘ರೇಂಜ್ ಇಲ್ಲ’ ಎಂದು ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಪರದೆ ಮಾತ್ರ ಬೇರೆ ಬೇರೆ ಹೇಳುತ್ತಿರುತ್ತದೆ.

‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿದ್ದರೆ ಫೋನಿನ ಆಂಟೆನಾ ಟವರ್ ಕೇಳಿಸಿಕೊಳ್ಳುತ್ತಿದೆ ಎಂದೇ ಅರ್ಥ. ಯಾವುದೋ ಕಂಪನಿಯ ಟವರ್ ಕೇಳಿಸುತ್ತಿದೆ, ಅದರ ಮೇಲೆ 112ಕ್ಕೆ ಕರೆ ಹೋಗುತ್ತದೆ, ಆದರೆ ನೋಂದಣಿ ಸಿಕ್ಕಿಲ್ಲ. ಈ ಬರಹ ಇರುವಾಗ ‘ಆಂಟೆನಾ ಹೋಗಿದೆ, ಬದಲಿಸಬೇಕು’ ಎಂದು ಯಾರಾದರೂ ಹೇಳಿದರೆ ತಕ್ಷಣ ದುಡ್ಡು ಬಿಚ್ಚಬೇಡಿ.

‘ನೋ ಸರ್ವೀಸ್’ ಎಂದಿದ್ದರೆ ಫೋನಿಗೆ ಯಾವ ಟವರೂ ಕೇಳಿಸುತ್ತಿಲ್ಲ. ರತ್ನಾಗಿರಿ ಹತ್ತಿರ ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗದೊಳಗೆ ಹೀಗಾದರೆ ಗಾಬರಿ ಬೇಡ. ಆದರೆ ದಾದರ್ ಸ್ಟೇಷನ್ನಿನ ಹೊರಗೆ, ಬಯಲಿನಲ್ಲಿ ಹೀಗಾದರೆ ಫೋನನ್ನೇ ಅನುಮಾನಿಸಬೇಕು. ದಾದರ್‌ನಲ್ಲಿ ಯಾವ ಟವರೂ ಕೇಳಿಸದಿರಲು ಸಾಧ್ಯವಿಲ್ಲ.

‘ನೋ ಸಿಮ್’ ಅಥವಾ ‘ಇನ್‌ವ್ಯಾಲಿಡ್ ಸಿಮ್’ ಎಂದಿದ್ದರೆ ಸಿಮ್ ಟ್ರೇ ತೆಗೆದು, ಚಿನ್ನದ ಬಣ್ಣದ ಭಾಗವನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಮುಂಬೈ ಮಳೆಗಾಲದಲ್ಲಿ ಇದು ಸಾಮಾನ್ಯ. ಆದರೆ ಇನ್ನೊಂದು ಕಾರಣವೂ ಇದೆ: ನೆಟ್‌ವರ್ಕ್ ಒಂದು ಬಗೆಯ ತಿರಸ್ಕಾರ ಕಳಿಸಿದರೆ ಫೋನ್ ಆಫ್ ಆಗುವವರೆಗೆ ಅಥವಾ ಸಿಮ್ ತೆಗೆಯುವವರೆಗೆ ಆ ಸಿಮ್ಮನ್ನು ಅಮಾನ್ಯವೆಂದೇ ಎಣಿಸುತ್ತದೆ. ಅದಕ್ಕೇ ಪೂರ್ತಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗ ಕೆಲವೊಮ್ಮೆ ಸರಿಹೋಗುತ್ತದೆ.

ಕಂಪನಿ ಹೆಸರು, ಕಡ್ಡಿ ಎಲ್ಲ ಇದ್ದೂ ಡೇಟಾ ಇಲ್ಲದಿದ್ದರೆ ಅದು ಬೇರೆಯದೇ ಕಥೆ. ಕೆಳಗೆ ಬರುತ್ತದೆ.

ಅದಲು ಬದಲು ಪರೀಕ್ಷೆ

ಬೇರೆ ಏನೂ ಮಾಡುವ ಮೊದಲು ಇದನ್ನು ಮಾಡಿ. ಅದೇ ಜಾಗದಲ್ಲಿ, ಅದೇ ಕಂಪನಿಯ ಸಿಮ್ ಇರುವ ಇನ್ನೊಬ್ಬರ ಫೋನ್ ನೋಡಿ. ಅದರಲ್ಲೂ ಇಲ್ಲವಾದರೆ ದೋಷ ಟವರ್‌ನದು, ಕಾಯುವುದೊಂದೇ ದಾರಿ. ಅದರಲ್ಲಿ ಸರಿಯಿದ್ದರೆ ನಿಮ್ಮ ಸಿಮ್ ತೆಗೆದು ಅವರ ಫೋನಿಗೆ ಹಾಕಿ. ದೋಷ ಸಿಮ್ ಜೊತೆ ಹೋಯಿತೋ, ನಿಮ್ಮ ಫೋನಿನಲ್ಲೇ ಉಳಿಯಿತೋ? ಜೊತೆಗೆ ಹೋದರೆ ಸಿಮ್ ಅಥವಾ ಕಂಪನಿಯ ಖಾತೆ. ಉಳಿದರೆ ಫೋನ್ ಅಥವಾ ಅದರ ಸೆಟ್ಟಿಂಗ್. ಇ-ಸಿಮ್ ಇದ್ದವರಿಗೆ ಈ ಅನುಕೂಲ ಇಲ್ಲ. ಅವರು ಎರಡನೇ ಸ್ಲಾಟಿಗೆ ಅದೇ ಕಂಪನಿಯ ಬೇರೆ ಸಿಮ್ ಹಾಕಿ ನೋಡಬೇಕು.

ಸರ್ಕಲ್ ದಾಟಿದ ಮೇಲೆ ರೇಂಜ್ ಬರದಿದ್ದರೆ

‘ಅಣ್ಣಾ, ಪನ್ವೇಲ್ ತನಕ ಸರಿ ಇತ್ತು, ಆಮೇಲೆ ಮಡಗಾಂವ್‌ನಲ್ಲೂ ರೇಂಜ್ ಇಲ್ಲ, ಪಕ್ಕದ ಸೀಟಿನವರದ್ದು ಅದೇ ಕಂಪನಿ, ಅವರು ವಿಡಿಯೊ ನೋಡ್ತಿದ್ರು ಮಾರಾಯ್ರೆ.’ ಊರಿಗೆ ಹೋಗಿ ಬಂದ ಹೋಟೆಲ್ ಹುಡುಗರಿಂದ ಈ ದೂರು ಕೇಳುತ್ತಲೇ ಇರುತ್ತೇನೆ. ಇದಕ್ಕೆ ಮುಖ್ಯ ಕಾರಣಗಳು ಮೂರು. ಮೂರಕ್ಕೂ ಪರಿಹಾರ ನಿಮ್ಮ ಕೈಯಲ್ಲೇ ಇದೆ.

ಮೊದಲನೆಯದು ಸೆಟ್ಟಿಂಗ್. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ, ನಿಮ್ಮ ಸಿಮ್ ಒತ್ತಿ, ನೆಟ್‌ವರ್ಕ್ ಆಯ್ಕೆ ‘ಆಟೊಮ್ಯಾಟಿಕ್’ನಲ್ಲಿದೆಯೇ ನೋಡಿ. ಯಾರೋ ಯಾವಾಗಲೋ ಮುಂಬೈನಲ್ಲಿ ಕೈಯಾರೆ ನೆಟ್‌ವರ್ಕ್ ಆರಿಸಿದ್ದರೆ ಫೋನ್ ಅದನ್ನೇ ಕಚ್ಚಿಕೊಂಡಿರುತ್ತದೆ. ಮುಂಬೈ ಸಂಖ್ಯೆಯ ನೆಟ್‌ವರ್ಕ್ ರತ್ನಾಗಿರಿಯಲ್ಲಿ ಇಲ್ಲ. ಫೋನ್ ಇಲ್ಲದ್ದನ್ನು ಹುಡುಕುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಆಟೊಮ್ಯಾಟಿಕ್‌ಗೆ ಮರಳಿಸಿದರೆ ಮುಗಿಯಿತು.

ಎರಡನೆಯದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಪತ್ತೆ ಹಚ್ಚಲಾಗದೆ ಜನ ಫೋನನ್ನೇ ಬದಲಿಸುತ್ತಾರೆ. ಸಿಮ್‌ನೊಳಗೆ ನಿಷೇಧಿತ ನೆಟ್‌ವರ್ಕ್‌ಗಳ ಪುಟ್ಟ ಪಟ್ಟಿಯೊಂದಿದೆ. ಹಲವು ಸಿಮ್‌ಗಳಲ್ಲಿ ನಾಲ್ಕು ಹೆಸರು ಹಿಡಿಯುವಷ್ಟು ಜಾಗ. ಯಾವುದಾದರೂ ನೆಟ್‌ವರ್ಕ್ ‘ನಿನಗೆ ಇಲ್ಲಿ ಅನುಮತಿ ಇಲ್ಲ’ ಎಂಬ ಕಾರಣ ಕೊಟ್ಟು ತಿರಸ್ಕರಿಸಿದರೆ ಫೋನ್ ಅದರ ಸಂಖ್ಯೆಯನ್ನು ಈ ಪಟ್ಟಿಗೆ ಬರೆಯುತ್ತದೆ. ಮುಂದೆ ತಾನಾಗಿ ಅದರ ಹತ್ತಿರ ಸುಳಿಯುವುದಿಲ್ಲ. ಇದು ಒಳ್ಳೆಯ ಏರ್ಪಾಡೇ. ನಿಮ್ಮ ಕಂಪನಿಯ ಟವರ್ ಇಲ್ಲದ ಜಾಗದಲ್ಲಿ ಫೋನ್ ಬೇರೆ ಕಂಪನಿಗಳ ಬಾಗಿಲು ತಟ್ಟುತ್ತದೆ, ಅವು ತಿರಸ್ಕರಿಸುತ್ತವೆ, ಫೋನ್ ನೆನಪಿಟ್ಟುಕೊಂಡು ಮತ್ತೆ ಮತ್ತೆ ತಟ್ಟದೆ ಬ್ಯಾಟರಿ ಉಳಿಸುತ್ತದೆ.

ತೊಂದರೆ ಆಗುವುದು ನಿಮ್ಮದೇ ಕಂಪನಿಯ ಇನ್ನೊಂದು ಸರ್ಕಲ್ ಈ ಪಟ್ಟಿಗೆ ಬಿದ್ದಾಗ. ರೀಚಾರ್ಜ್ ಮುಗಿದು ಸೇವೆ ನಿಂತಿದ್ದಾಗಲೋ, ಹೊಸ ಸಿಮ್‌ನ ಖಾತೆ ಇನ್ನೂ ಪೂರ್ತಿ ಸಿದ್ಧವಾಗದಿದ್ದಾಗಲೋ, ಆ ರಾತ್ರಿ ಕಂಪನಿಯ ಕಡೆ ಏನೋ ಎಡವಟ್ಟಾದಾಗಲೋ ಒಂದೇ ಒಂದು ತಪ್ಪು ತಿರಸ್ಕಾರ ಬಂದರೆ ಸಾಕು. ಮುಂಬೈಗೆ ಮರಳಿದ ಮೇಲೆ ಎಲ್ಲ ಸರಿ. ಮುಂದಿನ ಸಲ ಊರಿಗೆ ಹೊರಟಾಗ ಅದೇ ಜಾಗದಲ್ಲಿ ಮತ್ತೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’. ಪಟ್ಟಿ ಸಿಮ್‌ನಲ್ಲಿರುವುದರಿಂದ ಸ್ವಿಚ್ ಆಫ್ ಮಾಡಿದರೂ ಹೋಗುವುದಿಲ್ಲ, ಏರ್‌ಪ್ಲೇನ್ ಮೋಡ್‌ನಿಂದಲೂ ಹೋಗುವುದಿಲ್ಲ. ಸಿಮ್ ಬೇರೆ ಫೋನಿಗೆ ಹಾಕಿದರೆ ದೋಷವೂ ಜೊತೆಗೇ ಹೋಗುತ್ತದೆ.

ಇದಕ್ಕೆ ಮದ್ದು ಕೈಯಾರೆ ಆಯ್ಕೆ. ದೋಷ ಇರುವ ಜಾಗದಲ್ಲೇ, ಅಂದರೆ ರತ್ನಾಗಿರಿಯಲ್ಲೋ ಮಡಗಾಂವ್‌ನಲ್ಲೋ ಇರುವಾಗ ಇದನ್ನು ಮಾಡಬೇಕು. ಮುಂಬೈನಲ್ಲಿ ಮಾಡಿ ಪ್ರಯೋಜನವಿಲ್ಲ. ಗಾಡಿ ನಿಂತಿರುವಾಗ ಆಟೊಮ್ಯಾಟಿಕ್ ತೆಗೆದು ಹುಡುಕಾಟಕ್ಕೆ ಬಿಡಿ. ಪಟ್ಟಿ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ, ಅವಸರದಲ್ಲಿ ಹಿಂದೆ ಬರಬೇಡಿ. ಮೂರ್ನಾಲ್ಕು ಕಂಪನಿಗಳ ಹೆಸರು ಕಾಣುತ್ತವೆ. ಕೆಲವು ಫೋನ್‌ಗಳಲ್ಲಿ ಹೆಸರಿನ ಬದಲು 404 90 ಎಂಬಂತೆ ಬರೀ ಸಂಖ್ಯೆ ಬರುತ್ತದೆ. ಕೆಲವು ಫೋನ್‌ಗಳು ನಿಷೇಧಿತ ನೆಟ್‌ವರ್ಕ್ ಎಂದು ಗುರುತು ಹಾಕಿ ಅಥವಾ ಮಂಕು ಬಣ್ಣದಲ್ಲಿ ತೋರಿಸುತ್ತವೆ. ನಿಮ್ಮ ಕಂಪನಿಯ ಹೆಸರಿಗೇ ಆ ಗುರುತು ಇದ್ದರೆ ಕಳ್ಳ ಸಿಕ್ಕಿದ. ಗುರುತು ಇದ್ದರೂ ಅದನ್ನೇ ಒತ್ತಿ. ಕೈಯಾರೆ ಆರಿಸಿದಾಗ ಫೋನ್ ನಿಷೇಧವನ್ನು ಬದಿಗಿಟ್ಟು ಮತ್ತೊಮ್ಮೆ ನೋಂದಣಿ ಕೇಳುತ್ತದೆ. ಈ ಸಲ ಒಪ್ಪಿಗೆ ಸಿಕ್ಕಿದರೆ ಆ ಸಂಖ್ಯೆಯನ್ನು ಪಟ್ಟಿಯಿಂದ ಅಳಿಸುತ್ತದೆ. ಆಮೇಲೆ ಮರೆಯದೆ ಆಟೊಮ್ಯಾಟಿಕ್‌ಗೆ ಮರಳಿಸಿ, ಇಲ್ಲದಿದ್ದರೆ ಕಾರವಾರ ದಾಟಿದ ಮೇಲೆ ಮೊದಲನೇ ದೋಷ ಶುರುವಾಗುತ್ತದೆ.

ಇದರ ಸೋದರನಂತಿರುವ ಇನ್ನೊಂದು ಪಟ್ಟಿ ಪ್ರದೇಶಗಳದ್ದು. ನೆಟ್‌ವರ್ಕ್ ಪೂರ್ತಿ ನಿಷೇಧಿಸದೆ ‘ಈ ಪ್ರದೇಶದಲ್ಲಿ ಮಾತ್ರ ಬೇಡ’ ಎಂದರೆ ಆ ಪ್ರದೇಶ ಫೋನಿನ ನೆನಪಿಗೆ ಹೋಗುತ್ತದೆ. ಇದು ಫೋನ್ ಆಫ್ ಮಾಡಿದರೆ ಅಥವಾ ಸಿಮ್ ತೆಗೆದರೆ ಅಳಿಯುತ್ತದೆ. ಹಾಗೇ ಬಿಟ್ಟರೂ 12ರಿಂದ 24 ಗಂಟೆಯೊಳಗೆ ತಾನಾಗಿ ಅಳಿಯುತ್ತದೆ. ‘ನಿನ್ನೆ ಇರಲಿಲ್ಲ, ಇವತ್ತು ತಾನಾಗಿ ಬಂತು’ ಎನ್ನುವ ಎಷ್ಟೋ ಪ್ರಕರಣಗಳ ಹಿಂದೆ ಇದಿರಬಹುದು.

ಮೂರನೆಯದು ಡೇಟಾ ರೋಮಿಂಗ್, ಅಂದರೆ ಸ್ವಂತ ನೆಟ್‌ವರ್ಕ್ ಬಿಟ್ಟು ಬೇರೆಯದರಲ್ಲಿದ್ದಾಗಲೂ ಡೇಟಾ ಬಳಸಲು ಬಿಡುವ ಸೆಟ್ಟಿಂಗ್. ಹೆಸರು, ಕಡ್ಡಿ, ಕರೆ ಎಲ್ಲ ಇದೆ, ಸರ್ಕಲ್ ದಾಟಿದ ಮೇಲೆ ಡೇಟಾ ಮಾತ್ರ ಇಲ್ಲ ಎಂದರೆ ಮೊದಲು ಇದನ್ನೇ ನೋಡಿ. ಬಹಳಷ್ಟು ಫೋನ್‌ಗಳು ನೆಟ್‌ವರ್ಕ್‌ನ ಹೆಸರು ಸಿಮ್‌ನ ಕಂಪನಿಯ ಹೆಸರಿಗೆ ಹೊಂದಿದರೆ ರೋಮಿಂಗ್ ಅಲ್ಲವೆಂದು ಎಣಿಸುತ್ತವೆ, ಕೆಲವು ಹಾಗೆ ಎಣಿಸುವುದಿಲ್ಲ. ದೇಶದೊಳಗೇ ಓಡಾಡುವವರು ಅದನ್ನು ಆನ್ ಇಟ್ಟುಕೊಳ್ಳುವುದೇ ಲೇಸು. ವಿದೇಶಕ್ಕೆ ಹೊರಟಾಗ ಮಾತ್ರ ನೆನಪಿನಿಂದ ಆಫ್ ಮಾಡಿ.

ಗಡಿಯಲ್ಲಿ ಒಂದೆರಡು ನಿಮಿಷ ರೇಂಜ್ ಹೋಗಿ ಬಂದರೆ ಅದು ದೋಷವಲ್ಲ. ನೋಂದಣಿಯ ಹೊತ್ತಿಗೆ ನೆಟ್‌ವರ್ಕ್ ‘ಈ ಸಂಖ್ಯೆಗಳೂ ನನ್ನವೇ’ ಎಂದು ಸಮಾನ ನೆಟ್‌ವರ್ಕ್‌ಗಳ ಪಟ್ಟಿ ಕೊಡಬಹುದು. ಪಕ್ಕದ ಸರ್ಕಲ್ ಅದರಲ್ಲಿದ್ದರೆ ಫೋನ್ ರೇಂಜ್ ಕಳೆದುಕೊಳ್ಳದೆ ಗಡಿ ದಾಟುತ್ತದೆ. ಇಲ್ಲದಿದ್ದರೆ ಹಳೆಯದು ಪೂರ್ತಿ ಕಳೆದುಹೋದ ಮೇಲೆಯೇ ಹೊಸದರ ಹುಡುಕಾಟ.

ಐದು ಸಲ ಸೋತ ಫೋನ್

ಏರ್‌ಪ್ಲೇನ್ ಮೋಡ್ ಆನ್ ಮಾಡಿ ಆಫ್ ಮಾಡಿದರೆ ಸರಿಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೊಂದು ಗಟ್ಟಿ ಕಾರಣವಿದೆ. 4ಜಿಯಲ್ಲಿ ನೋಂದಣಿಗೆ ಉತ್ತರವೇ ಬರದಿದ್ದರೆ ಫೋನ್ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಐದು ಸಲ ಪ್ರಯತ್ನಿಸುತ್ತದೆ. ಐದೂ ಸೋತರೆ ಸುಮ್ಮನಾಗುತ್ತದೆ, ನೆಟ್‌ವರ್ಕ್ ಬೇರೆ ಹೇಳದಿದ್ದರೆ 12 ನಿಮಿಷ. ಸಂಜೆ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಹೊರಟ ಫಾಸ್ಟ್ ಲೋಕಲ್‌ನಲ್ಲಿ ಸಾವಿರಾರು ಫೋನುಗಳು ಒಟ್ಟಿಗೆ ಪ್ರದೇಶ ಬದಲಿಸುತ್ತವೆ. ದಟ್ಟಣೆಯಲ್ಲಿ ಕೆಲವಕ್ಕೆ ಉತ್ತರ ಬರುವುದಿಲ್ಲ. ಥಾಣೆ ದಾಟಿದರೂ ಪಕ್ಕದವರಿಗೆ ಇದ್ದು ನಿಮಗೆ ಇಲ್ಲವಾದರೆ ಫೋನ್ ಈ ಕಾಯುವಿಕೆಯಲ್ಲಿರಬಹುದು. ಏರ್‌ಪ್ಲೇನ್ ಮೋಡ್ ಆ ಎಣಿಕೆಯನ್ನು ಹೊಸದಾಗಿ ಶುರುಮಾಡುತ್ತದೆ. ಗಾಡಿ ಓಡುತ್ತಿರುವಾಗ ಮಾಡುವುದಕ್ಕಿಂತ ಸ್ಟೇಷನ್ನಿನಲ್ಲಿ ನಿಂತಾಗ ಮಾಡಿ.

ಕಡ್ಡಿ ತುಂಬಿದೆ, ಕೆಲಸ ನಡೆಯುತ್ತಿಲ್ಲ

ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎನ್ನುವುದಕ್ಕೆ ಎಲ್ಲರೂ ಪಾಲಿಸುವ ಅಳತೆಗೋಲು ಇಲ್ಲ. ಒಂದು ಫೋನಿನ ನಾಲ್ಕು ಕಡ್ಡಿ ಇನ್ನೊಂದರಲ್ಲಿ ಎರಡಾಗಬಹುದು. ಹಾಗಾಗಿ ಕಡ್ಡಿ ಬಿಟ್ಟು ಅಂಕಿ ನೋಡಿ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲ್ ಮಾಡುವಲ್ಲಿ *#*#4636#*#* ಒತ್ತಿದರೆ ಫೋನಿನ ಮಾಹಿತಿ ತೆರೆಯುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಗುಂಡಿ ಒತ್ತಬೇಕು. ಅದರಲ್ಲಿ ಆರ್‌ಎಸ್‌ಆರ್‌ಪಿ (RSRP) ಎಂಬ ಅಂಕಿ ಹುಡುಕಿ, ಅದೇ ಸಿಗ್ನಲ್‌ನ ಬಲ. ಅದು ಮೈನಸ್‌ನಲ್ಲಿರುತ್ತದೆ. ಮೈನಸ್ 80ರ ಆಸುಪಾಸು ಬಹಳ ಚೆನ್ನ, ಮೈನಸ್ 100 ನಡೆಯುತ್ತದೆ, ಮೈನಸ್ 110 ದಾಟಿದರೆ ಪರದಾಟ, ಮೈನಸ್ 120ರ ಹತ್ತಿರ ಕೈಬಿಟ್ಟಂತೆಯೇ. ಹತ್ತು ಅಂಕಿ ಕೆಳಗಿಳಿದರೆ ಬಲ ಹತ್ತನೇ ಒಂದಕ್ಕೆ ಇಳಿಯಿತೆಂದು ಲೆಕ್ಕ.

ಈ ಅಂಕಿ ಚೆನ್ನಾಗಿದ್ದೂ ಡೇಟಾ ತೆವಳುತ್ತಿದ್ದರೆ ಟವರ್ ಹತ್ತಿರದಲ್ಲಿದೆ, ಆದರೆ ತುಂಬಿಹೋಗಿದೆ. ಜೊತೆಗಿರುವ ಆರ್‌ಎಸ್‌ಆರ್‌ಕ್ಯೂ (RSRQ, ಸಿಗ್ನಲ್‌ನ ಗುಣ) ನೋಡಿ: ಮೈನಸ್ 10ರ ಒಳಗೆ ಒಳ್ಳೆಯದು, ಮೈನಸ್ 15 ಮೀರಿದರೆ ಗದ್ದಲ ಅಥವಾ ದಟ್ಟಣೆ. ಘಾಟ್ಕೋಪರ್‌ನ ಸಂಜೆಯ ಪ್ಲಾಟ್‌ಫಾರ್ಮ್‌ನಲ್ಲಿ ಫೋನ್ ಎಷ್ಟು ದುಬಾರಿಯದಾದರೂ ಇದಕ್ಕೆ ಏನೂ ಮಾಡಲಾಗದು. ಸುಮ್ಮನಿರುವ ಫೋನ್ ಸಿಗ್ನಲ್ ಬಲ, ಗುಣ, ಆದ್ಯತೆ ನೋಡುತ್ತದೆಯೇ ಹೊರತು ಆ ಟವರ್‌ನಲ್ಲಿ ಎಷ್ಟು ಜನ ಸಾಲಿನಲ್ಲಿದ್ದಾರೆಂದು ಅದಕ್ಕೆ ನೇರವಾಗಿ ತಿಳಿಯುವುದಿಲ್ಲ.

ಮನೆಯೊಳಗಿನ ಕಥೆ ಬೇರೆ. ಕಿಟಕಿ ಬಳಿ ಸರಿ, ಅಡುಗೆಮನೆಯಲ್ಲಿ ಇಲ್ಲ ಎನ್ನುವವರು ಬ್ಯಾಂಡ್ ಯಾವುದೆಂದು ನೋಡಬೇಕು. 2300 ಮೆಗಾಹರ್ಟ್ಸ್ ಬ್ಯಾಂಡ್ ಗೋಡೆ ದಾಟುವುದರಲ್ಲಿ ಸೋಲುತ್ತದೆ, 850 ಅಥವಾ 900 ಚೆನ್ನಾಗಿ ದಾಟುತ್ತದೆ. ಆದರೆ ಹೆಚ್ಚು ಡೇಟಾ ಹೊರುವ ಬ್ಯಾಂಡಿಗೆ ಕಂಪನಿ ಹೆಚ್ಚಿನ ಆದ್ಯತೆ ಇಟ್ಟಿದ್ದರೆ, ಕೆಳ ಬ್ಯಾಂಡ್ ಎಷ್ಟೇ ಜೋರಾಗಿದ್ದರೂ ಫೋನ್ ಮೇಲಿನದನ್ನೇ ಹಿಡಿಯುತ್ತದೆ. ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗಲೇ ಬಿಡುತ್ತದೆ. ಇದು ಫೋನಿನ ದೋಷವಲ್ಲ, ಟವರ್‌ನ ನಿಯಮ. ವೈಫೈ ಇದ್ದವರು ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳುವುದೇ ಇದಕ್ಕೆ ಅತಿ ಸುಲಭದ ಪರಿಹಾರ.

5ಜಿ ಚಿಹ್ನೆಯ ವಿಷಯದಲ್ಲೂ ಎಚ್ಚರ ಬೇಕು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದಾಗ ಎರಡು ದಾರಿಗಳು ಬಂದವು. ಜಿಯೊ ಹಿಡಿದದ್ದು ಸ್ವತಂತ್ರ 5ಜಿ. ಏರ್‌ಟೆಲ್ ಹಿಡಿದದ್ದು 4ಜಿಯ ಆಸರೆಯ ಮೇಲೆ ನಿಲ್ಲುವ 5ಜಿ. ಎರಡನೇ ಬಗೆಯಲ್ಲಿ ಫೋನ್ ನೋಂದಣಿಯಾಗಿರುವುದು 4ಜಿ ಟವರ್‌ನಲ್ಲಿ. ಡೇಟಾ ಓಡುವಾಗ ಮಾತ್ರ 5ಜಿ ಸೇರಿಕೊಳ್ಳುತ್ತದೆ. ‘ಇಲ್ಲಿ 5ಜಿ ಸಿಗಬಹುದು’ ಎಂದು 4ಜಿ ಟವರ್ ಸಾರಿದರೂ ಸಾಕು, ಹಲವು ಫೋನ್‌ಗಳು 5ಜಿ ಚಿಹ್ನೆ ತೋರಿಸಿಬಿಡುತ್ತವೆ. 5ಜಿ ಎಂದು ಬರೆದಿದ್ದೂ ವೇಗವಿಲ್ಲದಿದ್ದರೆ, ಆದ್ಯತೆಯ ನೆಟ್‌ವರ್ಕ್ ಬಗೆಯನ್ನು ತಾತ್ಕಾಲಿಕವಾಗಿ 4ಜಿಗೆ ಇಳಿಸಿ ನೋಡಿ. ವೇಗ ಹೆಚ್ಚಿದರೆ ಆ ಜಾಗದಲ್ಲಿ 5ಜಿ ಅಂಚಿನಲ್ಲಿದೆ, ಫೋನ್ ಹತ್ತಿ ಇಳಿದು ಮಾಡುತ್ತಿದೆ.

ಕರೆ ಬಂದರೆ 4ಜಿ ಮಾಯ

ಕರೆ ಮಾಡಿದ ಕೂಡಲೆ ಮೇಲಿನ 4ಜಿ ಹೋಗಿ ‘ಇ’ ಅಥವಾ ‘ಎಚ್’ ಬಂದು, ಡೇಟಾ ನಿಂತೋ ನಿಧಾನವಾಗಿಯೋ ಹೋದರೆ ವೋಲ್ಟೆ (VoLTE, 4ಜಿಯ ಮೇಲೆಯೇ ಕರೆ ನಡೆಸುವ ವಿಧಾನ) ನಡೆಯುತ್ತಿಲ್ಲ. ಹಳೆಯ ವಿಧಾನದಲ್ಲಿ ಫೋನ್ ಮಾತಿಗಾಗಿ 2ಜಿ, 3ಜಿಗೆ ಇಳಿಯುತ್ತಿದೆ. ವೋಲ್ಟೆ ಆನ್ ಇದೆಯೇ ನೋಡಿ. ಮಾತಿಗೆ 4ಜಿಯಲ್ಲಿ ದಾರಿ ಸಿಗದಿದ್ದರೆ ಕೆಲವು ಫೋನ್‌ಗಳು 4ಜಿಯನ್ನೇ ಬಿಟ್ಟು ಕೆಳಗಿಳಿದು ಕೂರುತ್ತವೆ, ಏಕೆಂದರೆ ಅವಕ್ಕೆ ಡೇಟಾಕ್ಕಿಂತ ಮಾತು ಮುಖ್ಯ. ‘4ಜಿ ಬರುವುದೇ ಇಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ. ಜಿಯೊಗೆ 2ಜಿ, 3ಜಿ ಇಲ್ಲದ್ದರಿಂದ ಅಲ್ಲಿ ವೋಲ್ಟೆ ಇಲ್ಲವೆಂದರೆ ಮಾಮೂಲಿ ಕರೆಯೂ ಇಲ್ಲ.

ಊರಿನ ಸಿಮ್, ಇಲ್ಲಿಯ ಸಿಮ್

ನಮ್ಮಲ್ಲಿ ಅನೇಕರ ಫೋನಿನಲ್ಲಿ ಎರಡೂ ಇರುತ್ತವೆ. ಸಾಮಾನ್ಯ ಎರಡು ಸಿಮ್ ಫೋನಿನಲ್ಲಿ ಎರಡೂ ಸಿಮ್ ಒಂದೇ ರೇಡಿಯೊ ಹಂಚಿಕೊಳ್ಳುತ್ತವೆ. ಒಂದರಲ್ಲಿ ಮಾತಾಡುವಾಗ ಇನ್ನೊಂದು ಸಿಗದಿರಬಹುದು. ಅಮ್ಮ ಊರಿಂದ ಕರೆ ಮಾಡಿದಾಗ ‘ಸ್ವಿಚ್ ಆಫ್’ ಎಂದು ಕೇಳಿಸಿತೆಂದರೆ ಮಗ ಇನ್ನೊಂದು ಸಿಮ್‌ನಲ್ಲಿ ಮಾತಾಡುತ್ತಿರಬಹುದು.

ಊರಿನ ಸಿಮ್‌ಗೆ ಮುಂಬೈ ಪರಸ್ಥಳ. ದೇಶದೊಳಗೇ ಆದರೂ ಸ್ವಂತ ನೆಟ್‌ವರ್ಕ್ ಬಿಟ್ಟು ಬೇರೆಯದರಲ್ಲಿದ್ದರೆ ಫೋನ್ ಆಗಾಗ ಸ್ವಂತದ್ದನ್ನು ಹುಡುಕಬೇಕೆಂಬ ನಿಯಮವಿದೆ. ಅವಧಿಯನ್ನು ಕಂಪನಿ ಸಿಮ್‌ನಲ್ಲಿ ಬರೆದಿರುತ್ತದೆ, 6 ನಿಮಿಷದಿಂದ 8 ಗಂಟೆಯವರೆಗೆ. ಬರೆಯದಿದ್ದರೆ 60 ನಿಮಿಷಕ್ಕೊಮ್ಮೆ. ಮುಂಬೈನ ಸಂಖ್ಯೆಯೂ ಸ್ವಂತದ್ದಕ್ಕೆ ಸಮ ಎಂದು ಸಿಮ್‌ನಲ್ಲಿ ಬರೆದಿದ್ದರೆ ಈ ತಾಪತ್ರಯವಿಲ್ಲ. ಬರೆದಿಲ್ಲದಿದ್ದರೆ ಕರ್ನಾಟಕದ ನೆಟ್‌ವರ್ಕನ್ನು ಫೋನ್ ಮುಲುಂಡ್‌ನಲ್ಲಿ ಕುಳಿತು ಹುಡುಕುತ್ತಲೇ ಇರುತ್ತದೆ. ಎರಡನೇ ಸಿಮ್ ಹಾಕಿದ ಮೇಲೆ ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಅದನ್ನು ಒಂದು ದಿನ ಆಫ್ ಮಾಡಿ ಹೋಲಿಸಿ.

ಮುಂಬೈನಲ್ಲೇ ನೆಲೆಸಿದವರು ಊರಿನ ಸಂಖ್ಯೆಯನ್ನು ಇಲ್ಲಿಯ ಸರ್ಕಲ್‌ಗೆ ಪೋರ್ಟ್ ಮಾಡಿಸಿಕೊಳ್ಳಬಹುದು. 2015ರ ಜುಲೈ 3ರಿಂದ ದೇಶಾದ್ಯಂತ ಇದಕ್ಕೆ ಅವಕಾಶವಿದೆ. ಸಂಖ್ಯೆ ಅದೇ ಉಳಿಯುತ್ತದೆ, ಹೊಸ ಸಿಮ್‌ನ ಒಳಗಿನ ಗುರುತು ಮುಂಬೈನದಾಗುತ್ತದೆ. ಬ್ಯಾಂಕು, ಆಧಾರ್ ಎಲ್ಲಕ್ಕೂ ಆ ಸಂಖ್ಯೆಯನ್ನೇ ಕೊಟ್ಟವರಿಗೆ ಇದು ಒಳ್ಳೆಯ ದಾರಿ ಎಂದೇ ನನ್ನ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್ ಫೋನ್

ಯಾವ ಕಂಪನಿಯ ಸಿಮ್ ಹಾಕಿದರೂ ನೋಂದಣಿಯಾಗುತ್ತಿಲ್ಲ, ಸಿಮ್‌ಗಳು ಬೇರೆ ಫೋನಿನಲ್ಲಿ ಸರಿಯಿವೆ ಎಂದರೆ *#06# ಒತ್ತಿ ಐಎಂಇಐ ಸಂಖ್ಯೆ, ಅಂದರೆ ಫೋನಿನ ಸ್ವಂತ ಗುರುತಿನ ಸಂಖ್ಯೆ ತೆಗೆಯಿರಿ. ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ಕಳೆದುಹೋದದ್ದೆಂದು ದೂರು ದಾಖಲಾಗಿ ತಡೆಹಿಡಿದ ಫೋನಾದರೆ ನೆಟ್‌ವರ್ಕ್ ಅದನ್ನು ಒಳಗೆ ಬಿಡುವುದಿಲ್ಲ. ಹಳೆ ಫೋನ್ ಕೊಳ್ಳುವಾಗ ಹಣ ಕೊಡುವ ಮೊದಲೇ ಇದನ್ನು ಮಾಡಬೇಕು.

ಕಂಪನಿಗೆ ದೂರು ಕೊಡುವಾಗ

ಇಷ್ಟೆಲ್ಲ ನೋಡಿದ ಮೇಲೂ ದೋಷ ಉಳಿದರೆ ‘ನೆಟ್‌ವರ್ಕ್ ಬರ್ತಿಲ್ಲ’ ಎಂದು ಮಾತ್ರ ಹೇಳಬೇಡಿ; ಫೋನ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವಷ್ಟೇ ಸಿಗುತ್ತದೆ. ಜಾಗ, ಸಮಯ, ಪರದೆಯಲ್ಲಿದ್ದ ಬರಹ, ಆರ್‌ಎಸ್‌ಆರ್‌ಪಿ ಅಂಕಿ, ಕೈಯಾರೆ ಆರಿಸಿದಾಗ ಏನಾಯಿತು, ಅದೇ ಜಾಗದಲ್ಲಿ ಅದೇ ಕಂಪನಿಯ ಇನ್ನೊಂದು ಸಿಮ್ ನಡೆಯಿತೋ ಇಲ್ಲವೋ, ಇಷ್ಟನ್ನೂ ಬರೆದುಕೊಂಡು ಹೇಳಿ. ಸಿಮ್ ಜೊತೆ ದೋಷ ಓಡಾಡುತ್ತಿದ್ದರೆ ಅದೇ ಸಂಖ್ಯೆಗೆ ಹೊಸ ಸಿಮ್ ಕೇಳಿ; ಹೊಸ ಸಿಮ್‌ನಲ್ಲಿ ನಿಷೇಧದ ಪಟ್ಟಿ ಖಾಲಿಯಾಗಿರುತ್ತದೆ. ಒಂದು ಜಾಗದಲ್ಲಿ ಮಾತ್ರ ದೋಷವಿದ್ದರೆ ಆ ಬಿಲ್ಡಿಂಗ್‌ನ ಇನ್ನಿಬ್ಬರಿಂದಲೂ ದೂರು ಕೊಡಿಸಿ. ಪ್ರತಿ ದೂರಿಗೂ ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಕೇಳಿ ಪಡೆಯಿರಿ. ಉತ್ತರ ಸರಿಯೆನಿಸದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಬರೆಯುವಾಗ ಆ ನಂಬರ್ ಬೇಕಾಗುತ್ತದೆ.